ಅದೇ ಪಾಯಿಂಟರ್ ಅಂದ ಮಾತ್ರಕ್ಕೆ ಅದೇ ಬಫರ್ ಅಲ್ಲ: ಗ್ರಾಫಿಕ್ಸ್ ಡ್ರೈವರ್ ಬರೆಯುವವರು ಇದನ್ನೊಮ್ಮೆ ಓದಿ

ನೀವು ಗ್ರಾಫಿಕ್ಸ್ ಡ್ರೈವರ್ (ಜಿಪಿಯು, ಅಂದರೆ ಚಿತ್ರ ಬಿಡಿಸುವ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಬರೆಯುವವರಾದರೆ, ಅಥವಾ ಯಾರೋ ಬರೆದಿಟ್ಟ ಡ್ರೈವರ್ ನೋಡಿಕೊಳ್ಳುತ್ತಿದ್ದರೆ, ಇವತ್ತೇ ಒಂದು ಕೆಲಸ ಮಾಡಿ. ಕಾನ್‌ಸ್ಟಂಟ್ ಬಫರ್ ಬೈಂಡ್ ಮಾಡುವ, ಅಂದರೆ ಜಿಪಿಯುಗೆ ಜೋಡಿಸಿಕೊಡುವ, ಫೈಲ್ ತೆರೆಯಿರಿ (ಈ ಬಫರ್ ಏನು ಅಂತ ಮುಂದೆ ಹೇಳುತ್ತೇನೆ). "ಹಳೇ ಪಾಯಿಂಟರ್, ಹೊಸ ಪಾಯಿಂಟರ್ ಎರಡೂ ಒಂದೇ ಆದರೆ ಏನೂ ಮಾಡಬೇಡ" ಅನ್ನುವ ಸಾಲು ಅಲ್ಲಿದೆಯಾ ನೋಡಿ. ಪಾಯಿಂಟರ್ ಅಂದರೆ ಮೆಮೊರಿಯಲ್ಲಿ ಒಂದು ವಸ್ತು ಇರುವ ಜಾಗದ ವಿಳಾಸ. ಇದ್ದರೆ ಈ ಬರಹವನ್ನು ಪೂರ್ತಿ ಓದಿ. ಆ ಒಂದು ಸಾಲು ನನ್ನ ಐದು ವಾರ ತಿಂದಿತು. ಅದಕ್ಕಿಂತ ಜಾಸ್ತಿ ಬೇಸರ ಏನೆಂದರೆ, ನನ್ನ ತಪ್ಪಿಗೆ ಇನ್ನೊಬ್ಬರು ರಾತ್ರಿ ನಿದ್ದೆ ಬಿಡುವ ಹಾಗಾಯಿತು.

ನಮ್ಮದು ಬೆಂಗಳೂರಿನ ಒಂದು ಸಣ್ಣ ತಂಡ. ಗಾಡಿಗಳ ಡ್ಯಾಶ್‌ಬೋರ್ಡ್ ಸ್ಕ್ರೀನಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತೇವೆ. ಸ್ಪೀಡು ತೋರಿಸುವ ಮುಳ್ಳು, ಇಂಧನದ ಮುಳ್ಳು, ಮ್ಯಾಪು, ಹಿಂದಿನ ಕ್ಯಾಮೆರಾ, ಎಲ್ಲವೂ ಒಂದೇ ಸ್ಕ್ರೀನಿನಲ್ಲಿ ಬರುತ್ತವೆ. ಅದರೊಳಗಿನ ಜಿಪಿಯುಗೆ ಮೆಸಾ ಅನ್ನುವ ಓಪನ್ ಸೋರ್ಸ್ ಗ್ರಾಫಿಕ್ಸ್ ಸಾಫ್ಟ್‌ವೇರಿನ ಗ್ಯಾಲಿಯಂ ಇಂಟರ್‌ಫೇಸ್ ಮೇಲೆ ಡ್ರೈವರ್ ಬರೆಯುವ ಕೆಲಸ ನನ್ನದಾಗಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಶೇಡರ್ ಅಂದರೆ ಜಿಪಿಯು ಮೇಲೆ ಓಡುವ ಚಿಕ್ಕ ಪ್ರೋಗ್ರಾಂ. ಅದು ಓಡುವಾಗ ಅದಕ್ಕೆ ಕೆಲವು ಬೆಲೆಗಳು ಬೇಕು. ಮುಳ್ಳು ಎಷ್ಟು ತಿರುಗಬೇಕು ಅನ್ನುವ ಮ್ಯಾಟ್ರಿಕ್ಸ್, ಬಣ್ಣ, ಬೆಳಕು, ಹೀಗೆ. ಒಂದು ಡ್ರಾ ಕಾಲ್ (ಒಂದು ಸಲ ಬಿಡಿಸು ಅನ್ನುವ ಆಜ್ಞೆ) ಮುಗಿಯುವ ತನಕ ಇವು ಬದಲಾಗುವುದಿಲ್ಲ. ಇವನ್ನು ಇಡುವ ಜಾಗವೇ ಕಾನ್‌ಸ್ಟಂಟ್ ಬಫರ್. ಓಪನ್‌ಜಿಎಲ್‌ನಲ್ಲಿ ಇದು ಯೂನಿಫಾರ್ಮ್ ಬಫರ್ ಅನ್ನುವ ಹೆಸರಲ್ಲಿ 3.1ನೇ ಆವೃತ್ತಿಗೆ, ಅಂದರೆ 2009ರಲ್ಲಿ, ಬಂತು. ಡೈರೆಕ್ಟ್‌ಎಕ್ಸ್ 10ರಲ್ಲಿ ಕಾನ್‌ಸ್ಟಂಟ್ ಬಫರ್ ಅಂತಲೇ ಕರೆದರು. ಒಂದೊಂದೂ ಚಿಕ್ಕದು. ಆದರೆ ಒಂದು ಫ್ರೇಮಿನಲ್ಲಿ ನೂರಾರು ಸಲ ಬದಲಾಗುತ್ತದೆ. ಪ್ರತಿ ಸಲವೂ ಡ್ರೈವರ್ ಅದರ ಜಿಪಿಯು ಅಡ್ರೆಸ್ಸನ್ನು ಕಮಾಂಡ್ ಸ್ಟ್ರೀಮಿಗೆ, ಅಂದರೆ ಜಿಪಿಯುಗೆ ಹೋಗುವ ಆಜ್ಞೆಗಳ ಸಾಲಿಗೆ, ಬರೆಯಬೇಕು. ನಮ್ಮ ಬೋರ್ಡಿನ ಸಿಪಿಯುಗೆ ಶಕ್ತಿ ಕಡಿಮೆ. ಹಾಗಾಗಿ ಒಂದೊಂದು ಪ್ಯಾಕೆಟ್ (ಆಜ್ಞೆ) ಉಳಿಸಿದರೂ ಲಾಭ ಅಂತ ನನಗನ್ನಿಸಿತ್ತು.

ಅದಕ್ಕೇ ನಾನೊಂದು ದಾಖಲೆ ಇಟ್ಟೆ. ಪ್ರತಿ ಸ್ಲಾಟಿಗೆ ಕೊನೆಯದಾಗಿ ಯಾವ ಬಫರಿನ ಅಡ್ರೆಸ್ ಬರೆದೆ ಅನ್ನುವುದು ಅದರಲ್ಲಿರುತ್ತಿತ್ತು. ಮುಂದಿನ ಡ್ರಾದಲ್ಲಿ ಪಾಯಿಂಟರ್, ಆಫ್‌ಸೆಟ್, ಅಳತೆ ಮೂರೂ ಅದೇ ಆಗಿದ್ದರೆ ಮತ್ತೆ ಬರೆಯುವುದಿಲ್ಲ. ಆ ದಾಖಲೆಯಲ್ಲಿದ್ದ ಪಾಯಿಂಟರಿಗೆ ನಾನು ರೆಫರೆನ್ಸ್ ಹಿಡಿದಿರಲಿಲ್ಲ, ಅಂದರೆ ನಾನು ಬಿಡುವ ತನಕ ಅದನ್ನು ಅಳಿಸಬೇಡಿ ಅಂತ ಹೇಳಿಟ್ಟಿರಲಿಲ್ಲ. "ಬರೀ ಹೋಲಿಸಿ ನೋಡುವುದಕ್ಕೆ ತಾನೇ, ಅದರ ಒಳಗೆ ಕೈ ಹಾಕುವುದಿಲ್ಲವಲ್ಲ, ರೆಫರೆನ್ಸ್ ಯಾಕೆ?" ಅಂದುಕೊಂಡೆ. ಇದು ಒಂದನೇ ತಪ್ಪು.

ಎರಡನೆಯದು, ಹೊಸ ಬ್ಯಾಚ್ (ಜಿಪಿಯುಗೆ ಒಟ್ಟಿಗೆ ಕಳಿಸುವ ಆಜ್ಞೆಗಳ ಕಟ್ಟು) ಶುರುವಾದಾಗ ಆ ದಾಖಲೆಯನ್ನು ಅಳಿಸಲಿಲ್ಲ. ನಮ್ಮ ಕರ್ನಲ್ ಪ್ರತಿ ಕಾಂಟೆಕ್ಸ್ಟಿನ (ಜಿಪಿಯು ಬಳಸುವ ಒಂದೊಂದು ಪ್ರೋಗ್ರಾಮಿನ) ರಿಜಿಸ್ಟರುಗಳನ್ನು, ಅಂದರೆ ಜಿಪಿಯು ಒಳಗಿನ ಸೆಟ್ಟಿಂಗುಗಳನ್ನು, ಬ್ಯಾಚಿನಿಂದ ಬ್ಯಾಚಿಗೆ ಉಳಿಸಿಕೊಡುತ್ತಿತ್ತು. ಹಾರ್ಡ್‌ವೇರಿನಲ್ಲಿ ಹಳೇ ಅಡ್ರೆಸ್ ಇದ್ದೇ ಇರುತ್ತದೆ, ಮತ್ತೆ ಯಾಕೆ ಬರೆಯಬೇಕು ಅಂತ ನನ್ನ ಲೆಕ್ಕ. ಈ ಎರಡರಲ್ಲಿ ಒಂದೇ ತಪ್ಪು ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಬ್ಯಾಚ್ ತಾನು ಬಳಸುವ ಬಫರುಗಳನ್ನೆಲ್ಲ ಹಿಡಿದುಕೊಂಡಿರುತ್ತದೆ, ಆದ್ದರಿಂದ ಒಂದು ಬ್ಯಾಚಿನ ಒಳಗೆ ಯಾವ ಪಾಯಿಂಟರೂ ಕೈಬದಲಾಗುವುದಿಲ್ಲ. ಎರಡೂ ಸೇರಿದ್ದೇ ಅನಾಹುತಕ್ಕೆ ದಾರಿಯಾಯಿತು.

ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ದಿನ ಗಿರಾಕಿಯ ಕಡೆಯಿಂದ ವಿಡಿಯೋ ಬಂತು. ಗಾಡಿ ನಿಂತಿದೆ. ಸ್ಪೀಡಿನ ಮುಳ್ಳು ಮಾತ್ರ ಅರ್ಧಕ್ಕೆ ಹೋಗಿ ನಿಂತಿದೆ. ಗಾಡಿ ಸ್ವಲ್ಪ ಮುಂದೆ ಹೋದ ಕೂಡಲೇ ಸರಿಯಾಯಿತು. ನಿಂತ ಗಾಡಿಯಲ್ಲಿ ಬೆಲೆ ಬದಲಾಗುವ ತನಕ ನಾವು ಸ್ಕ್ರೀನನ್ನು ಮತ್ತೆ ಬರೆಯುವುದಿಲ್ಲ. ಹಾಗಾಗಿ ಒಂದೇ ಫ್ರೇಮಿನ ತಪ್ಪು ಅಲ್ಲೇ ಉಳಿದುಬಿಟ್ಟಿತ್ತು. ಅದನ್ನು ನೋಡಿ ನನಗೆ ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಇದು ಆಟದಲ್ಲಿ ಬರುವ ಚಿತ್ರದ ದೋಷ ಅಲ್ಲ. ಗಾಡಿ ಓಡಿಸುವವರು ಕಣ್ಣಿಟ್ಟು ನಂಬುವ ಮುಳ್ಳು.

ಮೊದಲು ನಾನು ಅನುಮಾನಪಟ್ಟದ್ದು ಅಪ್ಲಿಕೇಶನ್ ತಂಡವನ್ನು. ಎಸ್‌ಟಿಡಿ140 ಅನ್ನುವ, ಬಫರಿನೊಳಗೆ ಬೆಲೆಗಳನ್ನು ಹೇಗೆ ಜೋಡಿಸಬೇಕು ಅಂತ ಹೇಳುವ, ಲೇಔಟಿನಲ್ಲಿ ಮೂರು ಫ್ಲೋಟಿನ ವೆಕ್ಟರ್ 16 ಬೈಟಿನ ಗಡಿಯಿಂದಲೇ ಶುರುವಾಗಬೇಕು. ಫ್ಲೋಟುಗಳ ಅರೇ ಇದ್ದರೆ ಒಂದೊಂದಕ್ಕೂ 16 ಬೈಟ್ ಜಾಗ ಬೇಕು. ಇದರಲ್ಲಿ ಎಡವದವರು ಕಡಿಮೆ. ಆ ಕೋಡ್ ಬರೆದದ್ದು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗಿ. "ಪ್ಯಾಡಿಂಗ್ ಸರಿಯಾಗಿ ನೋಡಮ್ಮ" ಅಂತ ಅವಳಿಗೆ ಹೇಳಿ ಕಳಿಸಿದೆ (ಬೆಲೆಗಳ ನಡುವೆ ಬಿಡುವ ಖಾಲಿ ಜಾಗವೇ ಪ್ಯಾಡಿಂಗ್). ಎರಡು ದಿನ ಬಿಟ್ಟು ಬಂದಳು. "ಸರ್, ಮೂರು ಸಲ ಪೂರ್ತಿ ನೋಡಿದೆ. ನನ್ನ ಕಡೆ ಸರಿ ಇದೆ" ಅಂದಳು. ನಾನು ನಂಬಲಿಲ್ಲ. ಇನ್ನೊಂದು ಸಲ ನೋಡು ಅಂದೆ. ಪಾಪ, ಅವತ್ತು ರಾತ್ರಿಯೂ ಕೂತು ನೋಡಿದ್ದಳಂತೆ. ಡ್ರೈವರ್ ಬರೆಯುವವರಿಗೆ ಈ ಅಭ್ಯಾಸ ಬೇಗ ಅಂಟಿಕೊಳ್ಳುತ್ತದೆ. ನಮ್ಮ ಕೋಡ್ ಕೆಳಗಿದೆ, ಹಳೆಯದು, ಪರೀಕ್ಷೆಯಾದದ್ದು, ತಪ್ಪು ಮೇಲಿನವರದ್ದೇ ಇರಬೇಕು ಅನ್ನುವ ಅಭ್ಯಾಸ.

ಆಮೇಲೆ ನನ್ನ ಕೋಡ್ ಕಡೆ ತಿರುಗಿದೆ. ಅಲ್ಲಿಂದ ನಿಜವಾದ ಕಷ್ಟ ಶುರುವಾಯಿತು. ಡೀಬಗ್ ಲಾಗ್ ಹಾಕಿದರೆ ದೋಷ ಬರುವುದೇ ಇಲ್ಲ. ತೆಗೆದರೆ 40 ನಿಮಿಷಕ್ಕೋ ಎರಡು ಗಂಟೆಗೋ ಒಂದು ಸಲ ಬರುತ್ತದೆ. ಮೆಮೊರಿ ತಪ್ಪು ಇರಬಹುದು ಅಂತ ಅದನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಅನ್ನುವ ಉಪಕರಣ ಹಾಕಿ ರಾತ್ರಿಯಿಡೀ ಓಡಿಸಿದೆ. ಒಂದು ದೂರೂ ಇಲ್ಲ, ದೋಷವೂ ಇಲ್ಲ. "ಮೆಮೊರಿ ಸರಿ ಇದೆ" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡು ವಾರ ತಪ್ಪು ದಾರಿಯಲ್ಲಿ ಅಲೆಯಲು ಆ ಒಂದು ಸಾಲೇ ಕಾರಣ.

ಸ್ಯಾನಿಟೈಸರ್ ಯಾಕೆ ಸುಮ್ಮನಿತ್ತು? ಒಂದು, ಫ್ರೀ ಆದ (ಬಿಟ್ಟುಕೊಟ್ಟ) ಪಾಯಿಂಟರಿನ ಒಳಗೆ ನಾನು ಎಲ್ಲೂ ಓದುತ್ತಿರಲಿಲ್ಲ. ಬರೀ ಎರಡು ಸಂಖ್ಯೆ ಹೋಲಿಸುತ್ತಿದ್ದೆ. ಅದನ್ನು ಸ್ಯಾನಿಟೈಸರ್ ತಪ್ಪು ಅನ್ನುವುದಿಲ್ಲ. ಎರಡು, ಸ್ಯಾನಿಟೈಸರ್ ಫ್ರೀ ಆದ ಮೆಮೊರಿಯನ್ನು ಕೂಡಲೇ ಇನ್ನೊಬ್ಬರಿಗೆ ಕೊಡುವುದಿಲ್ಲ. ಸಾಮಾನ್ಯವಾಗಿ 256 ಎಂಬಿ ತುಂಬುವ ತನಕ ಬದಿಗಿಟ್ಟುಕೊಳ್ಳುತ್ತದೆ. ಲಿನಕ್ಸಿನಲ್ಲಿ ಮೆಮೊರಿ ಹಂಚುವ ಮಾಮೂಲಿ ಜಿಲಿಬ್‌ಸಿ ಇದಕ್ಕೆ ಪೂರ್ತಿ ಉಲ್ಟಾ. 2017ರ 2.26ನೇ ಆವೃತ್ತಿಯಿಂದ ಅದರಲ್ಲಿ ಟಿ‌ಕ್ಯಾಶ್ ಇದೆ. ಕೊನೆಗೆ ಫ್ರೀ ಮಾಡಿದ ತುಂಡನ್ನೇ, ಅದೇ ಅಳತೆಗೆ ಕೇಳಿದವರಿಗೆ ಮೊದಲು ಕೊಡುತ್ತದೆ. ಪ್ರತಿ ಬಫರಿನ ವಿವರ ಇಡುವ ನಮ್ಮ ಸ್ಟ್ರಕ್ಟುಗಳೆಲ್ಲ ಒಂದೇ ಅಳತೆಯವು. ನಾನು ಹೋಲಿಸುತ್ತಿದ್ದ ಪಾಯಿಂಟರ್ ಇವುಗಳದ್ದೇ.

ಈಗ ಏನಾಗುತ್ತಿತ್ತು ನೋಡಿ. ಸ್ಕ್ರೀನ್ ಬದಲಾಗುವಾಗ ಅಪ್ಲಿಕೇಶನ್ ಹಳೇ ಕೆಲಸ ಮುಗಿಯುವ ತನಕ ಕಾಯುತ್ತದೆ. ಹಳೇ ಬಫರುಗಳನ್ನು ಅಳಿಸುತ್ತದೆ, ಹೊಸವನ್ನು ಮಾಡುತ್ತದೆ. ಹಳೇ ಸ್ಕ್ರೀನಿನ ಕೊನೆಯ ಡ್ರಾದಲ್ಲಿದ್ದ ಬಫರಿನ ಸ್ಟ್ರಕ್ಟ್ ಯಾವ ಜಾಗದಲ್ಲಿತ್ತೋ, ಹೊಸ ಸ್ಕ್ರೀನಿನ ಮೊದಲ ಡ್ರಾದ ಬಫರ್ ಕೆಲವೊಮ್ಮೆ ಅದೇ ಜಾಗದಲ್ಲಿ ಹುಟ್ಟುತ್ತದೆ. ಮನೆ ನಂಬರ್ ಅದೇ, ಬಾಡಿಗೆಗೆ ಬಂದವರು ಬೇರೆ. ನನ್ನ ದಾಖಲೆ ಮನೆ ನಂಬರ್ ಮಾತ್ರ ನೋಡಿ, ಹಳಬರೇ ಇದ್ದಾರೆ ಅಂದುಕೊಂಡು ಪ್ಯಾಕೆಟ್ ಬರೆಯದೆ ಬಿಡುತ್ತದೆ. ಜಿಪಿಯು ರಿಜಿಸ್ಟರಿನಲ್ಲಿ ಉಳಿದದ್ದು ಸತ್ತುಹೋದ ಬಫರಿನ ಅಡ್ರೆಸ್. ಆ ಮೆಮೊರಿಯಾದರೂ ಖಾಲಿ ಇರುತ್ತದೆಯೇ? ಇಲ್ಲ. ಫೆನ್ಸ್ (ಜಿಪಿಯು ಕೆಲಸ ಮುಗಿಯಿತು ಅನ್ನುವ ಗುರುತು) ಮುಗಿದಿದೆ, ಬಿಟ್ಟ ಮೆಮೊರಿಯನ್ನು ಮರುಬಳಕೆಗೆ ಇಡುವ ನಮ್ಮ ಬಫರ್ ಕ್ಯಾಶ್ ಅದನ್ನು ಆಗಲೇ ಇಂಧನದ ಮುಳ್ಳಿಗೆ ಕೊಟ್ಟಿದೆ. ಟ್ಯಾಂಕ್ ಅರ್ಧ ಇತ್ತು. ಆದ್ದರಿಂದ ಸ್ಪೀಡೂ ಅರ್ಧ.

ಕೊನೆಗೆ ಇದು ಸಿಕ್ಕಿದ್ದು ಒಂದು ಒರಟು ಉಪಾಯದಿಂದ. ಫೆನ್ಸ್ ಮುಗಿದು ಕ್ಯಾಶಿಗೆ ವಾಪಸ್ ಬಂದ ಪ್ರತಿ ಬಫರಿನ ತುಂಬ ಸೊನ್ನೆ ತುಂಬಿಸಿದೆ. ಆ ಬಿಲ್ಡಿನಲ್ಲಿ ಕ್ಯಾಶಿನಿಂದ ಮತ್ತೆ ಯಾರಿಗೂ ಕೊಡದ ಹಾಗೆಯೂ ಮಾಡಿದೆ. ಸೊನ್ನೆ ಮ್ಯಾಟ್ರಿಕ್ಸ್ ಸಿಕ್ಕಿದ ಮುಳ್ಳು ಒಂದು ಚುಕ್ಕಿಯಾಗಿ ಕುಗ್ಗಿ ಕಾಣೆಯಾಗುತ್ತದೆ. ಒಂದೂವರೆ ಗಂಟೆಯ ಮೇಲೆ ಮುಳ್ಳು ಕಾಣೆಯಾಯಿತು. ಆ ಕ್ಷಣದಲ್ಲಿ ಉಸಿರು ಬಿಟ್ಟೆ. ಜಿಪಿಯು ಬಿಟ್ಟುಕೊಟ್ಟ ಮೆಮೊರಿಯನ್ನೇ ಓದುತ್ತಿದೆ ಅನ್ನುವುದು ಖಚಿತವಾಯಿತು. ಆ ಬ್ಯಾಚಿನ ಕಮಾಂಡ್ ಸ್ಟ್ರೀಮ್ ಡಂಪ್ ಮಾಡಿದೆ. ಮೊದಲ ಡ್ರಾಗೆ ಕಾನ್‌ಸ್ಟಂಟ್ ಬಫರಿನ ಪ್ಯಾಕೆಟ್ಟೇ ಇರಲಿಲ್ಲ.

ಎರಡೂ ತಪ್ಪು ತಿದ್ದಿದೆ. ಗಿರಾಕಿಗೆ ಕಳಿಸಿದೆ. ಮೂರೇ ದಿನದಲ್ಲಿ ಮತ್ತೊಂದು ವಿಡಿಯೋ. ಈ ಸಲ ಮ್ಯಾಪಿನಲ್ಲಿ ದಾರಿಯ ಗುರುತು ನಡುಗುತ್ತಿತ್ತು.

ಇದು ಅದೇ ನಂಬಿಕೆಯ ಇನ್ನೊಂದು ಮುಖ. ಅಪ್ಲಿಕೇಶನ್ ಒಂದು ಬಫರಿನ ಹಳೇ ವಿಷಯ ಬೇಡ ಅಂತ ಹೇಳಿ ಹೊಸದನ್ನು ಬರೆಯಬಹುದು. ಡೈರೆಕ್ಟ್‌ಎಕ್ಸ್ 11ರಲ್ಲಿ ರೈಟ್ ಡಿಸ್ಕಾರ್ಡ್ ಅಂತ ಮ್ಯಾಪ್ ಮಾಡುವುದು (ಬಫರನ್ನು ಬರೆಯಲು ತೆರೆಯುವುದು) ಇದೇ. ಜಿಪಿಯು ಇನ್ನೂ ಹಳೆಯದನ್ನು ಓದುತ್ತಿರುತ್ತದೆ. ಹಾಗಾಗಿ ಡ್ರೈವರ್ ಕಾಯುವ ಬದಲು ಅದೇ ಬಫರಿಗೆ ಬೇರೆ ಮೆಮೊರಿ ಜೋಡಿಸುತ್ತದೆ. ಪಾಯಿಂಟರ್ ಅದೇ, ಒಳಗಿನ ಜಿಪಿಯು ಅಡ್ರೆಸ್ ಹೊಸದು. ಮೊದಲ ದೋಷದಲ್ಲಿ ಮನೆ ಅದೇ, ಜನ ಬೇರೆ. ಇಲ್ಲಿ ಜನ ಅವರೇ, ಮನೆ ಬದಲಾಯಿಸಿದ್ದಾರೆ. ಪಾಯಿಂಟರ್ ಹೋಲಿಕೆ ಎರಡೂ ಕಡೆ ಸುಳ್ಳು ಹೇಳಿತು. ಮೆಮೊರಿ ಬದಲಾದಾಗ ಆ ಬಫರ್ ಯಾವ ಯಾವ ಸ್ಲಾಟಿನಲ್ಲಿ ಕೂತಿದೆಯೋ ಅಲ್ಲೆಲ್ಲ ಡರ್ಟಿ ಬಿಟ್ (ಅಡ್ರೆಸ್ ಮತ್ತೆ ಬರೆಯಬೇಕು ಅನ್ನುವ ಗುರುತು) ಹಾಕಬೇಕು. ಆಕಾರದ ಮೂಲೆಗಳನ್ನು ಲೆಕ್ಕ ಹಾಕುವ ವರ್ಟೆಕ್ಸ್ ಶೇಡರಿಗೂ ಬಣ್ಣ ಹಾಕುವ ಫ್ರಾಗ್ಮೆಂಟ್ ಶೇಡರಿಗೂ ಬೇರೆ ಬೇರೆಯಾಗಿ. ನಾನು ಫ್ರಾಗ್ಮೆಂಟ್ ಕಡೆ ಮರೆತಿದ್ದೆ.

ಈಗ ಪ್ರತಿ ಬಫರಿಗೂ 64 ಬಿಟ್ಟಿನ ಒಂದು ಕ್ರಮಸಂಖ್ಯೆ ಕೊಟ್ಟಿದ್ದೇನೆ. ಹೊಸ ಬಫರ್ ಹುಟ್ಟಿದಾಗ ಹೊಸ ಸಂಖ್ಯೆ. ಒಳಗಿನ ಮೆಮೊರಿ ಬದಲಾದಾಗಲೂ ಹೊಸ ಸಂಖ್ಯೆ. ಒಮ್ಮೆ ಬಳಸಿದ ಸಂಖ್ಯೆ ಮತ್ತೆ ಬರುವುದಿಲ್ಲ. ಹೋಲಿಸುವುದು ಅದನ್ನು ಮಾತ್ರ. ಮೆಸಾದ ಫ್ರೀಡ್ರೀನೊ ಡ್ರೈವರಿನಲ್ಲೂ ಮೆಮೊರಿ ಬದಲಾದಾಗ ಏರುವ ಇಂಥದೇ ಸಂಖ್ಯೆ ಇದೆ. ಮೊದಲೇ ಆ ಕೋಡ್ ಓದಿದ್ದರೆ ಚೆನ್ನಾಗಿತ್ತು. ಜೊತೆಗೆ ಪ್ರತಿ ಬ್ಯಾಚ್ ಶುರುವಿಗೆ ದಾಖಲೆಯನ್ನು ಪೂರ್ತಿ ಅಳಿಸುತ್ತೇನೆ. ಇದರಿಂದ ಎಷ್ಟು ನಿಧಾನವಾಯಿತು ಅಂತ ಅಳೆದು ನೋಡಿದೆ. ನಮ್ಮ ಬೋರ್ಡಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬ್ಯಾಚಿಗೆ ನಾಲ್ಕಾರು ಪ್ಯಾಕೆಟ್ ಜಾಸ್ತಿ, ಅಷ್ಟೇ.

ಇದೇ ಸುತ್ತಿನ ಇನ್ನೆರಡು ಹೊಂಡಗಳನ್ನೂ ಹೇಳಿಬಿಡುತ್ತೇನೆ. ಗ್ಯಾಲಿಯಂನಲ್ಲಿ ಬಫರಿನ ಬದಲು ಯೂಸರ್ ಬಫರ್ ಅಂತ ಸಿಪಿಯು ಮೆಮೊರಿಯ ಪಾಯಿಂಟರ್ ಬರಬಹುದು. ಅಲ್ಲಿ ಪಾಯಿಂಟರ್ ಒಂದೇ ಇದ್ದು ಒಳಗಿನ ಬೆಲೆ ಬದಲಾಗಿರುವುದು ಮಾಮೂಲು. ಬಂದ ಕೂಡಲೇ ನಕಲು ಮಾಡಿಕೊಳ್ಳಿ, ಹೋಲಿಸಲೇಬೇಡಿ. ಇನ್ನೊಂದು, ನಾವು ಬಳಸಿದ ಮೆಸಾ ಆವೃತ್ತಿಯಲ್ಲಿ ಸೆಟ್ ಕಾನ್‌ಸ್ಟಂಟ್ ಬಫರ್ ಫಂಕ್ಷನ್ನಿಗೆ ಟೇಕ್ ಓನರ್‌ಶಿಪ್ ಅನ್ನುವ ಫ್ಲ್ಯಾಗ್ ಬರುತ್ತದೆ. ಅದು ನಿಜವಾಗಿದ್ದರೆ ಕರೆದವರು ತಮ್ಮ ರೆಫರೆನ್ಸನ್ನು ನಿಮ್ಮ ಕೈಗೆ ಕೊಟ್ಟಿದ್ದಾರೆ ಅಂತ ಅರ್ಥ. ಒಂದೇ ಬಫರ್ ಅಂತ ಮೊದಲಲ್ಲೇ ವಾಪಸ್ ಹೋದರೆ ಆ ರೆಫರೆನ್ಸ್ ಬಿಡುವವರೇ ಇರುವುದಿಲ್ಲ, ಬಫರ್ ಸಾಯುವುದೇ ಇಲ್ಲ.

ಪರೀಕ್ಷೆ ಹೇಗೆ ಅಂತ ಕೇಳಿದರೆ, ಎರಡು ಗಂಟೆ ಕಾಯಬೇಡಿ. ಬಫರ್ ಸ್ಟ್ರಕ್ಟ್ ಕೊಡುವ ಕಡೆ ಒಂದು ಡೀಬಗ್ ಆಯ್ಕೆ ಇಡಿ. ಫ್ರೀ ಆದ ಸ್ಟ್ರಕ್ಟನ್ನೇ ಮುಂದಿನವರಿಗೆ ಕೊಡಬೇಕು, ಒಳಗಿನ ಜಿಪಿಯು ಮೆಮೊರಿ ಮಾತ್ರ ಪ್ರತಿ ಸಲ ಬೇರೆ ಇರಬೇಕು. ಆಮೇಲೆ ಒಂದು ಚಿಕ್ಕ ಪ್ರೋಗ್ರಾಂ ಬರೆಯಿರಿ. ಬಫರ್ ಮಾಡು, ಬರೆ, ಡ್ರಾ ಮಾಡು, ಮುಗಿಯುವ ತನಕ ಕಾಯಿ, ಅಳಿಸು, ಬೇರೆ ಬಣ್ಣದೊಂದಿಗೆ ಮತ್ತೆ ಮಾಡು. ನನ್ನ ಹಳೇ ಡ್ರೈವರ್ ಇದರಲ್ಲಿ ಎರಡನೇ ಡ್ರಾಗೇ ಬಿದ್ದುಹೋಯಿತು. ಐದು ವಾರದ ದೋಷ ಎರಡು ಸೆಕೆಂಡಿನಲ್ಲಿ ಕಣ್ಣೆದುರು ಬಂತು. ಇದರ ಜೊತೆಗೆ, ಇಂಥ ಉಳಿತಾಯಗಳನ್ನೆಲ್ಲ ಒಟ್ಟಿಗೆ ಆರಿಸುವ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಇರಲಿ. ಚಿತ್ರ ಕೆಟ್ಟಿದೆ ಅಂತ ಯಾರಾದರೂ ಬಂದರೆ, ಅವರ ಕೋಡನ್ನು ಅನುಮಾನಿಸುವ ಮೊದಲು ಅದನ್ನು ಹಾಕಿ ನೋಡಿ.

ಆ ಹುಡುಗಿಯನ್ನು ಕರೆದು ತಪ್ಪು ನನ್ನದೇ ಅಂತ ತಂಡದ ಎದುರಿಗೆ ಹೇಳಿದೆ. ಆ ಸಾಲನ್ನೂ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಸರ್, ಟೆಕ್ಸ್ಚರ್ ಬೈಂಡ್ ಮಾಡುವ ಕಡೆಯೂ ಹೀಗೇ ಇದೆಯಾ?" ಅಂತ ಕೇಳಿದಳು. ಇತ್ತು. ವರ್ಟೆಕ್ಸ್ ಬಫರಿನಲ್ಲೂ ಇತ್ತು. ನಿಮ್ಮ ಡ್ರೈವರಿನಲ್ಲಿ ಹುಡುಕುವಾಗ ಆ ಎರಡು ಫೈಲುಗಳನ್ನೂ ತೆರೆಯಿರಿ.