ಸಂಡೂರು ಗುಡ್ಡದ ಇಳಿಜಾರಿಗೆ ಯಾವ ಬ್ರೇಕ್ ಆಯಿಲ್?

ಬಳ್ಳಾರಿ ಪೇಟೆಯೊಳಗಷ್ಟೇ ಕಾರು ಓಡಿಸುವವರು ಬ್ರೇಕ್ ಆಯಿಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿಬರುವವರ ಮಾತು ಬೇರೆ. ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ, ಮುಂದೆ ಅದಿರು ಲಾರಿ ತೆವಳುತ್ತಿರುತ್ತದೆ, ಇಳಿಯುವಷ್ಟು ಹೊತ್ತೂ ಕಾಲು ಪೆಡಲ್ ಮೇಲೇ, ಬ್ರೇಕಿನ ಬಿಸಿ ಆಯಿಲ್‌ಗೂ ಏರುತ್ತದೆ. ಒಂದೇ ಕಾರಿಗೆ ಬೇರೆ ಬೇರೆ ಸಲ ಸಾಮಾನ್ಯ ಡಾಟ್ 4 (ಡಾಟ್ ಎಂದರೆ ಬ್ರೇಕ್ ಆಯಿಲಿನ ದರ್ಜೆ), ಡಾಟ್ 5.1, ರೇಸಿನವರು ಮೆಚ್ಚುವ ಮೋಟುಲ್ ಆರ್‌ಬಿಎಫ್ 600 ಹಾಕಿಸಿ ಇದೇ ದಾರಿಯಲ್ಲಿ ಇಳಿಸಿ ನೋಡಿದ್ದೇನೆ.

ಡಬ್ಬಿ ಮೇಲೆ ಎದ್ದು ಕಾಣುವುದು ಹೊಸ ಆಯಿಲ್ ಎಷ್ಟಕ್ಕೆ ಕುದಿಯುತ್ತದೆ ಎಂಬ ಅಂಕಿ. ನಾನು ನೋಡುವುದು ಎರಡನೆಯದನ್ನು. ಈ ಆಯಿಲ್‌ಗಳು ಗಾಳಿಯ ತೇವ ಹೀರುತ್ತಲೇ ಇರುತ್ತವೆ, ಶೇ. 3.7ರಷ್ಟು ನೀರು ಸೇರಿದ ಮೇಲಿನ ಕುದಿಬಿಂದು ಅದು. ಡಾಟ್ 4ಕ್ಕೆ ಕನಿಷ್ಠ 230 ಡಿಗ್ರಿ, ನೀರು ಸೇರಿದಾಗ 155. ಡಾಟ್ 5.1ಕ್ಕೆ 260 ಮತ್ತು 180. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ, ಆವಿಯನ್ನು ಒತ್ತಿದರೆ ಅದೇ ಕುಗ್ಗಿಬಿಡುತ್ತದೆ. ಪೆಡಲ್ ತಳ ಮುಟ್ಟಿದರೂ ಕಾರು ನಿಲ್ಲುವುದಿಲ್ಲ.

ಹಾಕಿಸಿದ ದಿನ ಮೂರರಲ್ಲೂ ಪೆಡಲ್ ಒಂದೇ ಥರ ಗಟ್ಟಿ. ದುಬಾರಿ ಆಯಿಲ್ ಹಾಕಿಸಿದ ಕೂಡಲೇ ಬ್ರೇಕ್ ಚುರುಕಾಯಿತು ಎನ್ನುವವರಿಗೆ ಸಿಕ್ಕಿರುವುದು ಹೆಚ್ಚಾಗಿ ಪೈಪಿನಲ್ಲಿ ಸೇರಿದ್ದ ಗಾಳಿಯನ್ನು ತೆಗೆದದ್ದರ ಫಲ. ವ್ಯತ್ಯಾಸ ಗೊತ್ತಾದದ್ದು ಆಯಿಲ್ ಹಳೆಯದಾದ ಮೇಲೆ. ಎರಡು ಮಳೆಗಾಲ ದಾಟಿದ ಡಾಟ್ 4, ಲಾರಿಗಳ ಹಿಂದೆ ಇಳಿದು ಕೆಳಗೆ ಬರುವಷ್ಟರಲ್ಲಿ ಪೆಡಲನ್ನು ಮೆತ್ತಗಾಗಿಸಿತು; ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಸರಿಹೋಯಿತು. ಅಷ್ಟೇ ಹಳೆಯ ಡಾಟ್ 5.1ರಲ್ಲಿ ಹಾಗಾಗಲಿಲ್ಲ. ಇದು ಮೈನಸ್ 40 ಡಿಗ್ರಿಯಲ್ಲೂ ತೆಳ್ಳಗಿರುತ್ತದೆ ಎಂದು ಹೊಗಳುತ್ತಾರೆ. ನಮ್ಮ ಸೀಮೆಗೆ ಆ ಗುಣ ಬೇಕಿಲ್ಲ, ಬೇಕಾದದ್ದು ಆ 180.

ಆರ್‌ಬಿಎಫ್ 600 ಹೊಸದಾಗಿ 312 ಡಿಗ್ರಿವರೆಗೆ ತಡೆಯುತ್ತದೆ. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಸುತ್ತು ಹಾಕುವವರಿಗೆ ಅದು ಬೇಕೇ ಬೇಕು. ಗುಡ್ಡದ ದಾರಿಯಲ್ಲಿ ಮಾತ್ರ ಅದಕ್ಕೂ 5.1ಕ್ಕೂ ನನ್ನ ಕಾಲಿಗೆ ಭೇದ ತಿಳಿಯಲಿಲ್ಲ. ಬೆಲೆ ಸಾಮಾನ್ಯ ಡಾಟ್ 4ರ ಹಲವು ಪಟ್ಟು, ಮೇಲಾಗಿ ವರ್ಷ ವರ್ಷ ಬದಲಿಸಬೇಕು. ಅದೇ ದುಡ್ಡಿನಲ್ಲಿ ಚಕ್ರದ ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡನ್ನು ಒಳ್ಳೆಯದು ನೋಡಿ ಹಾಕಿಸಬಹುದು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಬಿಸಿಗೆ ಸೋತಿರುವುದು ಪ್ಯಾಡ್. ಅದಕ್ಕೆ ಯಾವ ಆಯಿಲೂ ಮದ್ದಲ್ಲ.

ಹಾಗಾಗಿ ನನ್ನ ಕಾರಿನಲ್ಲಿ ಈಗಿರುವುದು ಡಾಟ್ 5.1. ಪ್ರತಿ ವರ್ಷ ತಪ್ಪದೆ ಬದಲಿಸುತ್ತೇನೆ ಎನ್ನುವವರಿಗೆ ಒಳ್ಳೆ ಡಾಟ್ 4 ಸಾಕು, ದುಡ್ಡೂ ಉಳಿಯುತ್ತದೆ. ಬರೀ ಡಾಟ್ 5 ಎಂದಿರುವ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ. ಅದು ಸಿಲಿಕೋನಿನದು, ಇವುಗಳ ಜೊತೆ ಬೆರೆಯುವುದಿಲ್ಲ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಒಗ್ಗುವುದೂ ಇಲ್ಲ. ಮೇಸ್ತ್ರಿ ಅರ್ಧ ಉಳಿದ ಡಬ್ಬಿ ತಂದರೆ ಬೇಡವೆನ್ನಿ, ಸೀಲ್ ನಿಮ್ಮೆದುರೇ ಒಡೆಯಲಿ. ಬಾನೆಟ್ ಮೇಲೆ ಚೆಲ್ಲಿದರೆ ಆಗಲೇ ನೀರು ಸುರಿದು ತೊಳೆಸಿ, ಇಲ್ಲದಿದ್ದರೆ ಬಣ್ಣ ಕಿತ್ತುಬರುತ್ತದೆ.