ಅಪ್ಪನ ಭದ್ರಾವತಿ ನಕ್ಷೆ, ಅವೆನ್ಯೂ ರಸ್ತೆಯ ಪ್ರಿಂಟ್ ಅಂಗಡಿ

ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ಅವರ ಟ್ರಂಕಿನಲ್ಲಿ ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ ಹಾಳೆ, ಮೂರು ಸಿಕ್ಕವು. ಇಂಚಿಗೆ ಒಂದು ಮೈಲಿ ಲೆಕ್ಕದವು, ಮಡಿಕೆಗಳಲ್ಲಿ ಹರಿದಿದ್ದವು. ಭದ್ರಾವತಿಯ 48 ಓ/9 ನಂಬರಿನ ಹಾಳೆ, ಅದರ ಕೆಳಗಿನ ಲಕ್ಕವಳ್ಳಿ ಕಡೆಯ 48 ಓ/10, ಇವೆರಡನ್ನೂ ಸೇರಿಸಿ ಗೋಡೆಗೆ ಹಾಕಬೇಕಿತ್ತು.

ಮೊದಲು ಮನೆ ಹತ್ತಿರದ ಒಂದು ಕಡೆ ಪ್ರಿಂಟಿಗೆ ಕೊಟ್ಟೆ. ಬಣ್ಣವೇನೋ ಚೆನ್ನಾಗಿತ್ತು. ಸ್ಕೇಲ್ ಇಟ್ಟು ನೋಡಿದರೆ ನಕ್ಷೆಯ ಅಂಚಲ್ಲಿ ದೂರ ಅಳೆಯೋಕೆ ಕೊಟ್ಟಿರುವ, ನಾಲ್ಕು ಇಂಚು ಇರಬೇಕಾದ ನಾಲ್ಕು ಮೈಲಿ ಪಟ್ಟಿ ಮೂರೂವರೆ ಇಂಚಿದೆ! ಕಾಗದಕ್ಕೆ ಹಿಡಿಸಲಿ ಅಂತ ಕುಗ್ಗಿಸಿದ್ದರು. ಅಳತೆ ಹೋದಮೇಲೆ ಅದು ನಕ್ಷೆ ಹೇಗಾಗುತ್ತೆ?

ಬೆಂಗಳೂರಿನ ಅವೆನ್ಯೂ ರಸ್ತೆಯ ಒಳಗಲ್ಲಿಯ ಈ ಪ್ರಿಂಟ್ ಅಂಗಡಿಯವರು ಮೊದಲು ಮಾಡಿದ್ದೇ ಆ ಪಟ್ಟಿ ಅಳೆದಿದ್ದು. ಹರಿದ ಹಾಳೆಯನ್ನು ರೋಲರ್‌ಗೆ ಕೊಡಲಿಲ್ಲ, ಗಾಜಿನ ಮೇಲೆ ಚಪ್ಪಟೆ ಇಟ್ಟು ತುಂಡು ತುಂಡಾಗಿ ಸ್ಕ್ಯಾನ್ ಮಾಡಿದರು. ಹಳೇ ಕಾಗದ ಒಂದೊಂದು ಒಂದೊಂದು ಥರ ಕುಗ್ಗಿರುತ್ತೆ. ಎರಡು ಹಾಳೆ ಕೂಡುವ ಕಡೆ ಭದ್ರಾ ಹೊಳೆ ಒಂದು ಕೂದಲೆಳೆ ಪಕ್ಕಕ್ಕೆ ಸರಿದಿತ್ತು. "ಮೇಡಂ, ಹೊಳೆ ಕೂಡಿಸಿದ್ರೆ ಸಾಲದು, ಈ ಕಂದು ಗೆರೆಗಳೂ ಕೂಡ್ಬೇಕು" ಅಂತ ಅರ್ಧ ದಿನ ಕೂತರು. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು ಅವು; ಒತ್ತಾಗಿದ್ದರೆ ನೆಲ ಕಡಿದು ಅಂತ ಅರ್ಥ.

ಈಗ ಗೋಡೆಯ ಮೇಲಿನ ಆ ನಕ್ಷೆಯ ಮುಂದೆ ನಿಂತರೆ ಕಾರ್ಖಾನೆ ಅಲ್ಲೇ ಯಾಕೆ ಬಂತು ಅಂತ ಕಣ್ಣಿಗೇ ಗೊತ್ತಾಗುತ್ತೆ. ಮೇಲೆ ಬಯಲು, ಗೆರೆಗಳು ದೂರ ದೂರ. ಕೆಳಗೆ ಬರುತ್ತಾ ಗುಡ್ಡಗಳು, ಗೆರೆಗಳು ಒತ್ತೊತ್ತು. ಹಸಿರೆಲ್ಲ ಕಾಡು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸಿದ್ದು ಈ ಮಲೆನಾಡಿನ ಮರದ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು, ನೀರು ಭದ್ರೆಯದು. ನಕ್ಷೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗೆ ಮುಂಚಿನದು. ಹಾಗಾಗಿ ಅಲ್ಲಿ ಹಿನ್ನೀರಿಲ್ಲ, ಬರೀ ಹೊಳೆ, ಆಚೀಚೆ ಊರುಗಳ ಹೆಸರು. ಅಮ್ಮ ಆ ಹೆಸರುಗಳನ್ನು ಒಂದೊಂದಾಗಿ ಜೋರಾಗಿ ಓದಿದರು.

ಮೊದಲ ಪ್ರಿಂಟಲ್ಲಿ ಹಸಿರು ಜಾಸ್ತಿಯಾಗಿ ಎತ್ತರದ ಅಂಕಿಗಳು ಮುಚ್ಚಿಹೋಗಿದ್ದವು. ಹೇಳಿದ ತಕ್ಷಣ ಇನ್ನೊಂದು ತೆಗೆದುಕೊಟ್ಟರು, ಕಾಸು ಕೇಳಲಿಲ್ಲ. ಒಟ್ಟು 1,150 ರೂಪಾಯಿ, ಒಂಬತ್ತು ದಿನ. ಅವಸರ ಇದ್ದವರಿಗೆ ಇದು ಆಗಲ್ಲ. ನಕ್ಷೆ ಮಡಚಿಕೊಂಡು ಹೋಗಬೇಡಿ, ಸುತ್ತಿ ಕೊಳವೆಯಲ್ಲಿ ಹಾಕಿಕೊಂಡು ಹೋಗಿ. ಕೆಮ್ಮಣ್ಣುಗುಂಡಿಯ ಮೂರನೇ ಹಾಳೆಯನ್ನೂ ಮುಂದಿನ ವಾರ ಇವರಿಗೇ ಕೊಡ್ತೀನಿ.