ಏರ್‌ಫೀಲ್ಡ್ ಗೈಡ್: ಕಾಡಿನ ಹುಲ್ಲು ರನ್‌ವೇಗೆ ಇಳಿಯುವ ಮುನ್ನ

ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡಿಕೊಂಡು ಡಾಂಬರು ರನ್‌ವೇಗಳಲ್ಲೇ ಹಾರಾಡಿ, ಮೊಂಟಾನಾ, ಐಡಹೋ ಕಡೆಯ ಬೆಟ್ಟಗಾಡಿಗೆ ಹೋಗಬೇಕೆನ್ನುವವರು ಮೊದಲು ನೋಡಬೇಕಾದದ್ದು ಏರ್‌ಫೀಲ್ಡ್ ಗೈಡ್. ಅಲ್ಲಿನ ಏರ್‌ಸ್ಟ್ರಿಪ್‌ಗಳ, ಅಂದರೆ ಚಿಕ್ಕ ರನ್‌ವೇಗಳ, ವಿವರ ಕೊಡುವ ಆನ್‌ಲೈನ್ ಮಾರ್ಗದರ್ಶಿ ಇದು, ಪುಕ್ಕಟೆ ಸಿಗುತ್ತದೆ. ಇದನ್ನು ನಡೆಸುವುದು ರಿಕ್ರಿಯೇಷನಲ್ ಏವಿಯೇಷನ್ ಫೌಂಡೇಶನ್, ಪೈಲಟ್‌ಗಳ ಬಾಯಲ್ಲಿ ಆರ್‌ಎಎಫ್. ಈ ಸೇವೆಗೆ ನಾವು ಐದರಲ್ಲಿ ನಾಲ್ಕು ಅಂಕ ಕೊಡುತ್ತೇವೆ.

ಗೈಡ್ ಹೀಗೇಕಿದೆ ಎಂದು ತಿಳಿಯಲು ಸಂಸ್ಥೆ ಹುಟ್ಟಿದ ಕಾರಣ ಗೊತ್ತಿರಬೇಕು. ಬೆಟ್ಟಗಳ ನಡುವಿನ ಈ ಏರ್‌ಸ್ಟ್ರಿಪ್‌ಗಳನ್ನು ಮೋಜಿಗಾಗಿ ಮಾಡಿದ್ದಲ್ಲ. ಕಾಳ್ಗಿಚ್ಚು ಆರಿಸಲು ಅರಣ್ಯ ಇಲಾಖೆ, ಸಾಮಾನು ಸಾಗಿಸಲು ಗಣಿಯವರು, ದನ ಸಾಕುವ ರ‍್ಯಾಂಚಿನವರು ಮಾಡಿಕೊಂಡವು. ಆ ಕೆಲಸಗಳು ನಿಂತಮೇಲೆ ಒಂದೊಂದೇ ಮುಚ್ಚತೊಡಗಿದವು. ಒಮ್ಮೆ ಮುಚ್ಚಿದ ಸ್ಟ್ರಿಪ್ಪಿನಲ್ಲಿ ಪೈನ್ ಸಸಿ ಎದ್ದರೆ ಮತ್ತೆ ತೆರೆಯುವುದು ಬಹಳ ಕಷ್ಟ. ಇದು ತಮ್ಮ ರಾಜ್ಯದ್ದಷ್ಟೇ ತೊಂದರೆಯಲ್ಲ, ಇಡೀ ದೇಶದ್ದು ಎಂದು ಕಂಡುಕೊಂಡ ಮೊಂಟಾನಾದ ಕೆಲವು ಪೈಲಟ್‌ಗಳು 2003ರಲ್ಲಿ ಆರ್‌ಎಎಫ್ ಕಟ್ಟಿದರು. ಪಕ್ಕದ ಐಡಹೋದಲ್ಲಿ ಮಾದರಿಯೊಂದು ಮೊದಲೇ ಇತ್ತು: 1980ರ ಸೆಂಟ್ರಲ್ ಐಡಹೋ ವೈಲ್ಡರ್ನೆಸ್ ಕಾಯ್ದೆ. ಅದರ ಪ್ರಕಾರ ಅಲ್ಲಿ ಆಗ ಬಳಕೆಯಲ್ಲಿದ್ದ ಸ್ಟ್ರಿಪ್ಪನ್ನು ವಿಮಾನಗಳಿಗೆ ತೀವ್ರ ಅಪಾಯವಿದ್ದರೆ ಮಾತ್ರ ಕಾಯಂ ಮುಚ್ಚಬಹುದು, ಅದಕ್ಕೂ ರಾಜ್ಯದ ಲಿಖಿತ ಒಪ್ಪಿಗೆ ಬೇಕು.

ಖಾಸಗಿ ಜಮೀನಿನದು ಬೇರೆಯೇ ಕಥೆ. ಯಾರೋ ಬಂದು ಇಳಿಯುವಾಗ ವಿಮಾನ ಮುರಿದುಕೊಂಡು ತನ್ನ ಮೇಲೆ ಕೇಸು ಹಾಕಿದರೆ ಎಂಬ ಹೆದರಿಕೆಯಿಂದಲೇ ಮಾಲೀಕರು ಗೇಟು ಹಾಕುತ್ತಾರೆ. ಬೇಟೆಗೋ ಮೀನು ಹಿಡಿಯಲೋ ಬಿಟ್ಟಿಯಾಗಿ ಜಮೀನು ಬಿಟ್ಟುಕೊಟ್ಟವರಿಗೆ ರಕ್ಷಣೆ ಕೊಡುವ ಕಾನೂನು ಅಲ್ಲಿನ ರಾಜ್ಯಗಳಲ್ಲಿದೆ. ಆ ಚಟುವಟಿಕೆಗಳ ಪಟ್ಟಿಗೆ ವಿಮಾನಯಾನವನ್ನೂ ಸೇರಿಸಿ ಎಂದು ಆರ್‌ಎಎಫ್ ಒಂದೊಂದೇ ರಾಜ್ಯದ ಶಾಸನಸಭೆಯ ಬಾಗಿಲು ತಟ್ಟಿತು, ಹಲವು ಕಡೆ ಗೆದ್ದಿತು. ನಮ್ಮ ಮಟ್ಟಿಗೆ ಸಂಸ್ಥೆಯ ಅತಿ ದೊಡ್ಡ ಕೆಲಸ ಇದೇ. ಮಾಲೀಕ ಶುಲ್ಕ ತೆಗೆದುಕೊಂಡರೆ ಈ ರಕ್ಷಣೆ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಹಾಗಾಗಿ ಪ್ರೀತಿಯಿಂದಲೇ ಆದರೂ ಲ್ಯಾಂಡಿಂಗ್‌ಗೆಂದು ಅವರ ಕೈಗೆ ದುಡ್ಡು ತುರುಕಬೇಡಿ.

ಗೈಡಿನಲ್ಲಿ ಒಂದೊಂದು ಸ್ಟ್ರಿಪ್ಪಿಗೂ ಒಂದೊಂದು ಪುಟ: ಎತ್ತರ, ಉದ್ದ, ನೆಲದ ಬಗೆ, ಫೋಟೊ, ಸುರಕ್ಷತಾ ಸೂಚನೆ. ಬೆಲೆ ಇರುವುದು ಈ ಕೊನೆಯದಕ್ಕೆ. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಬಳಿಯ, ಆರ್‌ಎಎಫ್‌ನದೇ ಆದ ರಯಾನ್ ಫೀಲ್ಡ್‌ನಲ್ಲಿ ಇಳಿಯಬೇಕಾದರೆ ಮೊದಲು ಸೇಫ್ಟಿ ಬ್ರೀಫಿಂಗ್ ಮುಗಿಸಬೇಕು. ಇಂಥ ಕಟ್ಟುನಿಟ್ಟು ಇನ್ನಷ್ಟು ಕಡೆ ಬರಬೇಕು.

ಆದರೆ ಪುಟ ಹೇಳುವುದು ನೆಲದ ವಿಚಾರ, ನಿಮ್ಮ ವಿಮಾನದ್ದಲ್ಲ. ಐಡಹೋ ಸರ್ಕಾರದ ಜಾನ್ಸನ್ ಕ್ರೀಕ್ ತೆಗೆದುಕೊಳ್ಳಿ. ಹುಲ್ಲಿನ ರನ್‌ವೇ, 3,400 ಅಡಿ ಉದ್ದ. ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಮೇಲಿದೆ. ಕಾಗದದ ಮೇಲೆ ಧಾರಾಳ ಎನಿಸುತ್ತದೆ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ 5 ಡಿಗ್ರಿ ಸೆಲ್ಸಿಯಸ್. ಜುಲೈ ಮಧ್ಯಾಹ್ನ 30 ಡಿಗ್ರಿ ಇದ್ದರೆ, ಹೆಚ್ಚಾದ ಒಂದೊಂದು ಡಿಗ್ರಿಗೂ 120 ಅಡಿಯಂತೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ತೆಳುವಾದ ಲೆಕ್ಕದಲ್ಲಿ ವಿಮಾನಕ್ಕೆ ಅನುಭವವಾಗುವ ಎತ್ತರ) 8,000 ಅಡಿಗೆ ಏರುತ್ತದೆ. ಟರ್ಬೊ ಇಲ್ಲದ ಎಂಜಿನ್ ಕಾಲುಭಾಗದಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಏರ್‌ಸ್ಪೀಡ್ ಮುಳ್ಳು ಎಂದಿನ ವೇಗವನ್ನೇ ತೋರಿಸಿದರೂ ಗಾಳಿಯಿಲ್ಲದಾಗ ನೆಲಕ್ಕೆ ಹೋಲಿಸಿದ ನಿಜವಾದ ವೇಗ ಶೇ. 13ರಷ್ಟು ಹೆಚ್ಚು. ಕಿಟಕಿಯಾಚೆ ನೋಡಿ ವೇಗ ಜಾಸ್ತಿಯಾಯಿತೆಂದು ಮೂತಿ ಎತ್ತಿದವರು ಸ್ಟಾಲ್‌ಗೆ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಸಿಗುವುದು ಇಲ್ಲೇ.

ಟೇಕಾಫ್‌ಗೆ ಮುಂಚೆ ಮಿಕ್ಸ್ಚರ್ ಲೀನ್ ಮಾಡಿ, ಅಂದರೆ ಗಾಳಿಯೊಡನೆ ಬೆರೆಯುವ ಇಂಧನ ತಗ್ಗಿಸಿ. ಈ ಎತ್ತರದಲ್ಲಿ ಫುಲ್ ರಿಚ್ (ಇಂಧನ ಪೂರ್ತಿ) ಬಿಟ್ಟರೆ ಉಳಿದ ಶಕ್ತಿಯೂ ಹಾಳು. ನಾಲ್ಕು ಸೀಟಿನ ಚಿಕ್ಕ ವಿಮಾನ ಸೆಸ್ನಾ 172ರ ಕೈಪಿಡಿ ಒಣ ಹುಲ್ಲಿಗೆ ಗ್ರೌಂಡ್ ರೋಲ್‌ನ (ಮೇಲೇಳುವ ಮುನ್ನ ನೆಲದ ಮೇಲೆ ಓಡುವ ದೂರ) ಶೇ. 15 ಸೇರಿಸಲು ಹೇಳುತ್ತದೆ. ಹಾಗೆ ಬಂದ ಒಟ್ಟು ದೂರಕ್ಕೆ ಅದರ ಇನ್ನರ್ಧ ಸೇರಿಸಿಕೊಂಡರೆ ಲೇಸು. ಅರ್ಧ ರನ್‌ವೇ ಮುಗಿಯುವಷ್ಟರಲ್ಲಿ ಮೇಲೇಳುವ ವೇಗದ ಶೇ. 70 ಬರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ. ಗಾಳಿ ಅನುಕೂಲವಿದ್ದರೆ ಜಾನ್ಸನ್ ಕ್ರೀಕ್‌ನಲ್ಲಿ ದಕ್ಷಿಣಾಭಿಮುಖವಾಗಿ ರನ್‌ವೇ 17ರಲ್ಲಿ ಇಳಿದು, ಉತ್ತರಕ್ಕೆ ಅದರದೇ ಇನ್ನೊಂದು ದಿಕ್ಕಾದ 35ರಲ್ಲಿ ಏರುವುದು ರೂಢಿ. ರೇಡಿಯೊ 122.9 ಮೆಗಾಹರ್ಟ್ಸ್‌ನಲ್ಲಿ ನೀವೆಲ್ಲಿದ್ದೀರೆಂದು ಹೇಳುತ್ತಿರಿ. ಹೊರಡುವ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಲಿ. ಜಲ್ಲಿಯ ಸ್ಟ್ರಿಪ್ಪಾದರೆ ನಿಂತಲ್ಲೇ ರನ್‌ಅಪ್ (ಹಾರುವ ಮುನ್ನ ಎಂಜಿನ್ ವೇಗ ಏರಿಸಿ ಮಾಡುವ ಪರೀಕ್ಷೆ) ಮಾಡಬೇಡಿ: ಪ್ರೊಪೆಲ್ಲರ್ ಕಲ್ಲನ್ನು ಮೇಲೆಳೆದುಕೊಂಡು ಅಂಚು ಚಕ್ಕೆ ಏಳುತ್ತದೆ. ನಿಧಾನಕ್ಕೆ ಉರುಳುತ್ತಲೇ ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ಪರೀಕ್ಷಿಸಿ. ಚಕ್ರದ ಕವಚ ಬಿಚ್ಚಿಟ್ಟು ಬನ್ನಿ, ಒದ್ದೆ ಮಣ್ಣು ಒಳಗೆ ಮೆತ್ತಿಕೊಂಡರೆ ಚಕ್ರವೇ ತಿರುಗದು.

ಒಂದು ಅಂಕ ಕಡಿಮೆ ಕೊಟ್ಟದ್ದು ಯಾಕೆಂದರೆ, ಮಾಹಿತಿಯ ತಾಜಾತನ ಸ್ವಯಂಸೇವಕರ ಕೈಯಲ್ಲಿದೆ. ಹೋದ ವರ್ಷದ ಫೋಟೊದಲ್ಲಿ ನುಣ್ಣಗಿರುವ ಹುಲ್ಲಿನಲ್ಲಿ ಈ ವರ್ಷ ಬಿಲಗಳಿರಬಹುದು. ಹೊರಡುವ ಮುನ್ನ ಸ್ಟ್ರಿಪ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಇಳಿಯುವ ಮುನ್ನ ಮೇಲಿಂದ ಒಂದು ಸುತ್ತು ನೋಡಿ, ವಾಪಸ್ ಬಂದಮೇಲೆ ಕಂಡದ್ದನ್ನು ತಿಳಿಸಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಪುಟವನ್ನು ಪ್ರಿಂಟ್ ತೆಗೆದುಕೊಂಡೇ ಹೋಗಿ.

ಬಾಡಿಗೆ ವಿಮಾನವಾದರೆ ಕರಾರನ್ನು ಪೂರ್ತಿ ಓದಿ. ಹುಲ್ಲು, ಜಲ್ಲಿ ರನ್‌ವೇ ನಿಷಿದ್ಧ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಅದನ್ನು ಮೀರಿ ಇಳಿದರೆ ವಿಮೆಯೂ ಕೈಕೊಡಬಹುದು.